ಬೆನ್ನಪ್ಪನ ಜಾಗ

ನನ್ನ ಬೀಗಿತ್ತಿ ನಮ್ಮ ಮನೆಗೆ ಬಂದರೆ ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡುವ ಮೊದಲೇ ಕತ್ತು ಉದ್ದ ಮಾಡಿ ನನ್ನ ಮೇಜು ನೋಡುತ್ತಾರೆ.

"ಇವತ್ತೂ ಡಬ್ಬಿಯೇನಾ?"

"ಇವತ್ತೂ ಡಬ್ಬಿಯೇ."

"ಆ ತಗಡಿನ ಮೇಲಿರೋ ಪ್ರೀತಿ ನನ್ನ ಮಗಳ ಮೇಲೆ ಇದ್ದಿದ್ರೆ ಅವಳು ಇನ್ನೊಂದು ಸುತ್ತು ದಪ್ಪ ಆಗ್ತಿದ್ಲು."

"ಇರೋ ಸುತ್ತೇ ಸಾಕು ಅಂತ ಅವಳೇ ಗೊಣಗ್ತಾಳೆ. ಒಳಗೆ ಬನ್ರೀ ಬೀಗಿತ್ತೀ, ಕಾಫಿ ಆರುತ್ತೆ."

ಅವರ ಮಗಳು ನನ್ನ ಸೊಸೆ. ಮದುವೆಯ ಹೊಸದರಲ್ಲಿ ನಾವಿಬ್ಬರೂ ಬೀಗರು ಇರಬೇಕಾದ ಹಾಗೆ ಮಾತು ತೂಗಿ ತೂಗಿ ಆಡುತ್ತಿದ್ದೆವು. ಅವರು ನಮ್ಮ ಬೀದಿಯ ಕೊನೆಯ ಮನೆಗೆ ಬಂದ ಮೇಲೆ ತಕ್ಕಡಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಈಗ ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುವುದಿಲ್ಲ.

ಡಬ್ಬಿ ಎಂದರೆ ಅಡುಗೆಮನೆಯದಲ್ಲ. ಎರಡನೇ ಮಹಾಯುದ್ಧದಲ್ಲಿ ಟ್ಯಾಂಕು, ಲಾರಿ, ಸೈನಿಕರನ್ನು ಹೊತ್ತು ನೇರವಾಗಿ ಮರಳಿನ ದಡಕ್ಕೇ ಹೋಗಿ ಮೂತಿಯೂರುತ್ತಿದ್ದ ಒಂದು ಲ್ಯಾಂಡಿಂಗ್ ಕ್ರಾಫ್ಟ್. ಚಪ್ಪಟೆ ತಳ, ನೆಟ್ಟನೆಯ ಗೋಡೆಗಳು, ಚೂಪು ಮೂತಿ ಇರಬೇಕಾದ ಕಡೆ ಒಂದು ಅಗಲವಾದ ಬಾಗಿಲು. ದಡ ಮುಟ್ಟಿದೊಡನೆ ಆ ಬಾಗಿಲು ಮುಂದಕ್ಕೆ ಬಿದ್ದು ತಾನೇ ಸೇತುವೆಯಾಗುತ್ತದೆ. ಹಡಗು ಎನ್ನಲು ಅಂದವಿಲ್ಲ, ದೋಣಿ ಎನ್ನಲು ಅಳತೆ ಮೀರಿದೆ. ಹಾಗಾಗಿ ನಮ್ಮ ಬಂದರಿನವರು ಅದನ್ನು ಡಬ್ಬಿ ಎಂದು ಕರೆದರು, ಅದೇ ನಿಂತಿತು. ದೋಣಿ ನಡೆಸುವುದು ಬಲ್ಲವರು ಬೇಕೆಂದು ಆಗ ಈ ಊರಿನ ಹುಡುಗರನ್ನೇ ಅದರ ಕೆಲಸಕ್ಕೆ ಸೇರಿಸಿಕೊಂಡಿದ್ದರು. ಯುದ್ಧ ಮುಗಿದ ಮೇಲೆ ಡಬ್ಬಿ ಮರಳು ಸಾಗಿಸಿತು, ಹೊಳೆ ದಾಟಿಸಿತು, ಕೊನೆಗೆ ಕೆಸರಿನಲ್ಲಿ ಕೂತು ಯಾರದೋ ಕೋಳಿಗಳಿಗೆ ಮೊಟ್ಟೆಯಿಡುವ ಜಾಗವಾಯಿತು. ಬಂದರಿನ ಮ್ಯೂಸಿಯಮ್ಮಿನವರು ಅದನ್ನು ಎತ್ತಿ ತಂದು, ಕಟ್ಟೆಯ ಇಳಿಜಾರಿನಲ್ಲಿ, ಮುಂದಿನ ಬಾಗಿಲು ಬೀದಿಗೆ, ಹಿಂಬದಿ ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿ, ದುರಸ್ತಿಗೆ ಹಚ್ಚಿದ್ದರು.

ನಾನು ಕಾಲೇಜಿನಲ್ಲಿ ಓದಿದ್ದು ಇತಿಹಾಸ, ಹೊಟ್ಟೆಪಾಡಿಗೆ ಮಾಡಿದ್ದು ಬಂದರು ಕಚೇರಿಯಲ್ಲಿ ಟೈಪಿಂಗ್. ಮ್ಯೂಸಿಯಮ್ಮಿನ ಮೇಡಂ, ನನ್ನ ಸೊಸೆಗಿಂತಲೂ ಚಿಕ್ಕ ಹುಡುಗಿ, ಒಂದು ದಿನ ಮನೆಗೇ ಬಂದು, "ಅಮ್ಮಾ, ದೋಣಿಯ ಅಳತೆ, ತೂಕ ಎಲ್ಲ ಪುಸ್ತಕದಲ್ಲಿ ಸಿಗುತ್ತೆ. ಅದರ ಮೇಲೆ ಇದ್ದವರು ಯಾರು ಅಂತ ಎಲ್ಲೂ ಇಲ್ಲ. ನೀವು ಹುಡುಕಿ ಒಂದು ಪುಟ್ಟ ಪುಸ್ತಕ ಬರೆದುಕೊಡ್ತೀರಾ?" ಎಂದಳು. ಬಂದವಳು ಹೋಗುವಾಗ ನಮ್ಮ ಗೇಟಿನ ಸಡಿಲವಾದ ಚಿಲಕವನ್ನು ತನ್ನ ಬ್ಯಾಗಿನಿಂದ ತೆಗೆದ ಸ್ಕ್ರೂಡ್ರೈವರಿನಲ್ಲಿ ಬಿಗಿ ಮಾಡಿ ಹೋದಳು. ಅಂಥವಳಿಗೆ ಆಗುವುದಿಲ್ಲ ಎನ್ನುವುದು ಹೇಗೆ?

ಹುಡುಕಾಟ ಎಂದರೆ ಬೀದಿ ಸುತ್ತುವುದೇ. ಡಬ್ಬಿಯಲ್ಲಿದ್ದವರಲ್ಲಿ ಯಾರೂ ಈಗಿಲ್ಲ. ಮಕ್ಕಳು, ಸೊಸೆಯಂದಿರು, ಅಲ್ಲೊಬ್ಬ ಅಳಿಯ. ಡಬ್ಬಿಯ ಅಡುಗೆಯವನ ಮಗ ಟೈಲರ್. ಅವನ ಅಂಗಡಿಯಲ್ಲಿ ಕೂತು ಅವನ ತಂದೆಯ ಕತೆ ಕೇಳಿ ಎದ್ದಾಗ, ನನ್ನ ಚೀಲದ ಹರಿದ ಹಿಡಿ ಹೊಲಿದಾಗಿತ್ತು. ಯಾವಾಗ ಕೈಗೆತ್ತಿಕೊಂಡನೋ, ಯಾವಾಗ ಮುಗಿಸಿದನೋ, ಮಾತಿನ ನಡುವೆ ನನಗೆ ತಿಳಿಯಲೇ ಇಲ್ಲ. ಡಬ್ಬಿಯವರೆಲ್ಲ ಒಟ್ಟಿಗಿರುವ ಪಟವೊಂದನ್ನು ಹುಡುಕುತ್ತಿದ್ದೆ, ಅದನ್ನು ಕೊಟ್ಟವನೂ ಅವನೇ.

ಆ ಪಟವನ್ನು ಮೇಡಂ ದೊಡ್ಡದು ಮಾಡಿಸಿ ಮ್ಯೂಸಿಯಮ್ಮಿನ ಗೋಡೆಗೆ ಹಾಕಿದಳು. ಯಾವುದೋ ದಡದಲ್ಲಿ, ಬಿದ್ದ ಬಾಗಿಲಿನ ಮೇಲೆ, ಡಬ್ಬಿಯವರು ಸಾಲಾಗಿ ನಿಂತಿದ್ದಾರೆ. ಚುಕ್ಕಾಣಿಯವನು ಎದೆಯುಬ್ಬಿಸಿದ್ದಾನೆ, ಅಡುಗೆಯವನು ಸೌಟು ಹಿಡಿದಿದ್ದಾನೆ, ಎಂಜಿನ್ನಿನವನ ಮುಖದಲ್ಲಿ ಮಸಿ. ಬಲತುದಿಯವನು ಮಾತ್ರ ಕ್ಯಾಮೆರಾಗೆ ಪೂರ್ತಿ ಬೆನ್ನು ಮಾಡಿ ನಿಂತಿದ್ದಾನೆ. ಟೋಪಿ ತೆಗೆದು ಎರಡೂ ಕೈಯಲ್ಲಿ ಬೆನ್ನ ಹಿಂದೆ ಹಿಡಿದಿದ್ದಾನೆ. ಉಳಿದವರೆಲ್ಲ ನಗುತ್ತಿದ್ದಾರೆ. ಒಬ್ಬೊಬ್ಬರನ್ನೇ ಗುರುತಿಸುತ್ತ ಬಂದೆ. ಮುಖ ಇದ್ದವರೆಲ್ಲ ಸಿಕ್ಕಿದರು. ಬೆನ್ನಿನವನು ಸಿಗಲಿಲ್ಲ. ಫೋಟೊದವನು ಒತ್ತುವ ಹೊತ್ತಿಗೆ ಯಾರೋ ಕರೆದಿರಬೇಕು, ತಿರುಗಿದ್ದಾನೆ ಎಂದು ಮೇಡಂ. ಮುನಿಸಿಕೊಂಡಿದ್ದಾನೆ ಎಂದು ನಾನು. ಕೊನೆಗೆ ಪಟದ ಕೆಳಗೆ, 'ಬಲತುದಿಯಲ್ಲಿ ಬೆನ್ನು ತಿರುಗಿಸಿ ನಿಂತವರು: ಗುರುತು ಸಿಕ್ಕಿಲ್ಲ' ಎಂದು ಬರೆದು ಅಂಟಿಸಿದೆವು.

ಒಂದು ಭಾನುವಾರ ತಟ್ಟೆ ಒರೆಸುತ್ತಿದ್ದ ಸೊಸೆ ಇದ್ದಕ್ಕಿದ್ದಂತೆ ಹೇಳಿದಳು: "ಅತ್ತೆ, ನಮ್ಮ ತಾತನೂ ಆ ಡಬ್ಬಿಯಲ್ಲೇ ಇದ್ದದ್ದಂತೆ. ಅಮ್ಮ ನಿಮಗೆ ಹೇಳಿಲ್ವಾ?"

ನನ್ನ ಕೈಯಲ್ಲಿದ್ದ ಚಮಚ ಬಿತ್ತು. ಊರೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದೇನೆ. ಬೇಕಾದವರು ದಿನಾ ನನ್ನ ಮೇಜಿನ ಮುಂದೆ ಕೂತು ಕಾಫಿ ಕುಡಿದು ಹೋಗಿದ್ದಾರೆ!

"ಯಾವ ತಾತ? ನಿಮ್ಮಮ್ಮನ ಅಪ್ಪನಾ?"

"ಹೂಂ. ಅದ್ಯಾಕೋ ಅಮ್ಮ ಆ ಮಾತು ಎತ್ತಿದ್ರೆ ಎದ್ದು ಹೋಗ್ತಾಳೆ. ನಾನು ಹೇಳಿದೆ ಅಂತ ಹೇಳ್ಬೇಡಿ ಮತ್ತೆ."

ಹೇಳದೆ ಇರುವುದು ಹೇಗೆ? ಸಂಜೆ ಅವರ ಮನೆಗೆ ಹೋದೆ. ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದರು. ನಾನೂ ಒಂದು ತುದಿ ಹಿಡಿದು ಹೊದಿಕೆ ಮಡಿಸಲು ನಿಂತೆ.

"ಬಾಯಿಗೆ ಬೀಗ ಹಾಕಿಕೊಂಡ ಬೀಗಿತ್ತಿ ಅಂದ್ರೆ ನೀವೇ ಕಣ್ರೀ," ಎಂದೆ. "ನಿಮ್ಮ ತಂದೆ ಡಬ್ಬಿಯಲ್ಲಿದ್ದರಂತೆ."

ಹೊದಿಕೆಯ ಆ ತುದಿ ಸಡಿಲವಾಯಿತು.

"ಯಾರು ಹೇಳಿದ್ದು? ಆ ಬಾಯಿಬಡುಕಿಯೇ ಅಲ್ವಾ? ನಾನು ಹೆತ್ತಿದ್ದು, ನೀವು ಸಾಕ್ತಿರೋದು."

"ಉದ್ಘಾಟನೆಗೆ ಡಬ್ಬಿಯವರ ಮಕ್ಕಳನ್ನೆಲ್ಲ ಕರೀತಾ ಇದ್ದಾರೆ. ಗೋಡೆ ಮೇಲೆ ಎಲ್ಲರ ಹೆಸರು ಹಾಕ್ತಾರೆ. ನಿಮ್ಮ ತಂದೆಯದ್ದೂ ಹಾಕಬೇಕು. ನೀವು ಬರಬೇಕು."

"ಹೆಸರೂ ಬೇಡ, ನಾನೂ ಬರಲ್ಲ." ಹೊದಿಕೆಯನ್ನು ನನ್ನ ಕೈಯಿಂದ ಎಳೆದುಕೊಂಡು ತಾವೇ ಮಡಿಸತೊಡಗಿದರು. ಮಡಿಕೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಮಡಿಸಿದರು. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ನನಗೂ ಜಾಗ ಮಾಡಿಕೊಟ್ಟು, ನೆಲ ನೋಡುತ್ತ ಹೇಳಿದರು.

ಅವರ ಸೋದರಮಾವನೂ ಯುದ್ಧಕ್ಕೆ ಹೋಗಿದ್ದವನು, ಕಾಲಾಳು ಸೈನಿಕ. ಮೀಸೆ ತಿರುವಿ ಕತೆ ಹೇಳುವುದರಲ್ಲಿ ಗಟ್ಟಿಗ. ಒಮ್ಮೆ ಮನೆತುಂಬ ನೆಂಟರು ಊಟಕ್ಕೆ ಕೂತಿದ್ದಾಗ, "ಭಾವ, ನೀವು ಅಷ್ಟೊಂದು ದಡ ಹತ್ತಿ ಬಂದ್ರಲ್ಲ, ಏನೇನು ನೋಡಿದ್ರಿ? ನಾನೊಬ್ಬನೇ ಹೇಳ್ತಾ ಇದ್ದೀನಿ" ಎಂದು ಕೇಳಿದನಂತೆ. ಇವರ ತಂದೆ ತಟ್ಟೆಯಿಂದ ತಲೆಯೆತ್ತದೆ, "ನಾನೇನೂ ನೋಡ್ಲಿಲ್ಲಪ್ಪ. ನಾನು ಬೆನ್ನು ತೋರಿಸಿಕೊಂಡು ನಿಂತಿದ್ದೆ" ಎಂದರಂತೆ.

"ಸಾಲು ಪೂರ್ತಿ ಗೊಳ್ಳಂತ ನಕ್ಕಿತು," ಎಂದರು ಬೀಗಿತ್ತಿ. "ಯುದ್ಧದಲ್ಲಿ ಬೆನ್ನು ತೋರಿಸೋದು ಅಂದ್ರೆ ಏನು ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಮಾವ ಬಿಡ್ತಾನಾ? 'ನಿಂತಿದ್ರೋ, ಓಡಿದ್ರೋ ಭಾವ?' ಅಂದ. ಅಪ್ಪನೂ ನಗ್ತಾ ನಗ್ತಾ, 'ನನ್ನ ಕೆಲಸವೇ ಅದು ಕಣಯ್ಯ' ಅಂದುಬಿಟ್ಟ. ಅವತ್ತಿಂದ ಅಪ್ಪನ ಹೆಸರು ಬೆನ್ನಪ್ಪ. ಶಾಲೆಯಲ್ಲಿ ನಾನು ಬೆನ್ನಪ್ಪನ ಮಗಳು. ನಾನು ಹೋಗ್ತಿದ್ರೆ ಹುಡುಗರು ತಿರುಗಿ ನಿಂತು ಹಿಂದ್ಹಿಂದಕ್ಕೆ ನಡೆಯೋರು."

"ನೀವು ಕೇಳಲಿಲ್ವಾ, ಏನಾಯ್ತು ಅಂತ?"

"ಕೇಳಿದೆ, ಒಂದೇ ಸಲ. ಅಪ್ಪ, ನೀನು ಓಡಿಬಂದ್ಯಾ ಅಂತ. ಅಪ್ಪ ನನ್ನನ್ನೇ ನೋಡಿದ. 'ಹಿಂದಕ್ಕೆ ಬಂದೆ ಮಗಳೇ. ಎಲ್ಲರನ್ನೂ ಕರಕೊಂಡು ಹಿಂದಕ್ಕೆ ಬಂದೆ' ಅಂದ. ತಾನು ಓಡಿದ್ದಲ್ಲದೆ ಉಳಿದವರನ್ನೂ ಓಡಿಸಿಕೊಂಡು ಬಂದ ಅಂತ ನಾನು ಅಳ್ತಾ ಹೋಗಿ ಮಲಗಿದೆ. ಆಮೇಲೆ ಅವನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ." ಹೊದಿಕೆಯ ಅಂಚು ನೀವಿದರು. "ಒಳ್ಳೆಯ ಅಪ್ಪ ಕಣ್ರೀ. ಜಗಳ ಅಂದ್ರೆ ಗೊತ್ತಿಲ್ಲ, ಕುಡಿತ ಅಂದ್ರೆ ಗೊತ್ತಿಲ್ಲ. ಅದೊಂದು ವಿಷಯ ಬಿಟ್ರೆ ಬಂಗಾರ. ಈಗ ಗೋಡೆ ಮೇಲೆ ಹೆಸರು ಬಿದ್ರೆ ಯಾರಾದ್ರೂ ಮುದುಕರು ಓದ್ತಾರೆ, ಓಹೋ ಬೆನ್ನಪ್ಪ ಅಂತಾರೆ, ನಾಳೆ ನನ್ನ ಮೊಮ್ಮಕ್ಕಳ ಹಿಂದೆ ಶುರುವಾಗುತ್ತೆ. ನಿಮ್ಮ ಮೊಮ್ಮಕ್ಕಳೂ ಹೌದು, ನೆನಪಿರಲಿ. ಬೇಡ ಬಿಡಿ."

ಬಿಟ್ಟೆ. ಬಿಟ್ಟೆ ಎಂದರೆ ಬಾಯಲ್ಲಿ ಬಿಟ್ಟೆ, ಮನಸ್ಸಿನಲ್ಲಿ ಬಿಡಲಿಲ್ಲ. ಹೆದರಿ ಓಡಿದ್ದರೂ ಅವರ ತಂದೆಗೆ ಆಗ ಮೀಸೆ ಮೂಡುವ ವಯಸ್ಸು, ಅದರಲ್ಲಿ ನಾಚಿಕೆಪಡಲು ಏನಿದೆ ಎಂದು ಹೇಳಬೇಕೆನಿಸಿತು. ಆದರೆ ಓಡುವುದಾದರೂ ಎಲ್ಲಿಗೆ? ಮೂರು ಕಡೆ ನೀರು, ಒಂದು ಕಡೆ ಗುಂಡು. ಮನೆಗೆ ನಡೆದು ಬರುವಾಗ ಈ ಪ್ರಶ್ನೆ ಕಾಲಿಗೆ ಸಿಕ್ಕಿದ ದಾರದ ಹಾಗೆ ಜೊತೆಗೇ ಬಂತು.

ಮರುದಿನ ಡಬ್ಬಿ ನೋಡಲು ಹೋದೆ. ಬಾಗಿಲಿಗೆ ಹೊಸ ಬಣ್ಣ ಹಚ್ಚಿದ್ದರು, ಅದರ ಸರಪಳಿಗಳಿಗೆ ಎಣ್ಣೆ ಬಿಟ್ಟಿದ್ದರು. ಬರುವವರೆಲ್ಲ ಬೀದಿಯ ಕಡೆಯಿಂದ ಬರುವವರಲ್ಲವೇ, ಹಾಗಾಗಿ ಮುಂದುಗಡೆಗೇ ಎಲ್ಲ ಶೃಂಗಾರ. ನನ್ನ ಪುಸ್ತಕದ ಬರವಣಿಗೆಯೂ ಹಾಗೇ ಇತ್ತು ಎಂದು ಅವತ್ತು ಹೊಳೆಯಿತು. ಬಾಗಿಲಿನ ಬಗ್ಗೆ ಪುಟಗಟ್ಟಲೆ, ಚುಕ್ಕಾಣಿ, ಎಂಜಿನ್ನಿನ ಬಗ್ಗೆ ಒಂದಿಷ್ಟು. ಹಿಂಬದಿಯಲ್ಲಿ ಒಂದು ಲಂಗರು ಇರುತ್ತಿತ್ತು ಎಂದು ಒಂದೇ ಸಾಲು. ಅದು ಹೇಗೆ ಕೆಲಸ ಮಾಡುತ್ತಿತ್ತೆಂದು ಓದಿದ್ದರೂ ಬರೆಯಬೇಕೆಂದು ತೋಚಿರಲಿಲ್ಲ.

"ಹಿಂದುಗಡೆ ಏನಿದೆ ನೋಡೋಣವಾ?" ಎಂದು ದುರಸ್ತಿಗೆ ಬಂದಿದ್ದ ವೆಲ್ಡರನನ್ನು ಕೇಳಿದೆ.

"ಅಲ್ಲೇನಿದೆ ದೊಡ್ಡಮ್ಮ? ನಮ್ಮ ಚಹಾದ ಹೋಟೆಲ್ಲು," ಎಂದು ನಕ್ಕ. ಹಿಂಬದಿಯ ಮೂಲೆಯಲ್ಲಿ ಬಣ್ಣದ ಡಬ್ಬಗಳು, ಹಳೆಯ ಟಾರ್ಪಾಲು, ಅದರ ನಡುವೆ ಒಂದು ಹಲಗೆ, ಹಲಗೆಯ ಮೇಲೆ ಲೋಟಗಳು. ಹಲಗೆ ಕೂತದ್ದು ಒಂದು ದಪ್ಪ ಕಬ್ಬಿಣದ ಉರುಳೆಯ ಮೇಲೆ. "ಮರಳು ಸಾಗಿಸ್ತಿದ್ದ ಕಾಲದಲ್ಲಿ ಯಾರೋ ಕೂರಿಸಿದ್ದು ಅಂದ್ಕೊಂಡಿದ್ವಿ. ಮೇಜಿಗೆ ಸರಿಹೋಯ್ತು ಅಂತ ಬಿಟ್ವಿ."

ಅದರ ಬದಿಯಲ್ಲಿ ಏನೋ ಅಕ್ಷರ ಕೆತ್ತಿದ್ದು ಕಂಡಿತು. ಓದೋಣವೆಂದು ಚೀಲಕ್ಕೆ ಕೈಹಾಕಿದೆ. ಕನ್ನಡಕ ಮನೆಯಲ್ಲೇ ಉಳಿದಿತ್ತು. ಸೊಸೆಗೆ ಫೋನ್ ಮಾಡಿದೆ. "ಯಾರ ಕೈಲಾದ್ರೂ ಕಳಿಸ್ತೀನಿ ಅತ್ತೆ, ಅಲ್ಲೇ ಇರಿ" ಎಂದಳು.

ಆ 'ಯಾರು' ಯಾರಿರಬಹುದೆಂದು ನಾನು ಊಹಿಸಬೇಕಿತ್ತು. ವೆಲ್ಡರನ ಜೊತೆ ಚಹಾ ಮುಗಿಸುವ ಹೊತ್ತಿಗೆ ಕೆಳಗಿನಿಂದ ಕೂಗು ಬಂತು.

"ಕನ್ನಡಕ ಮನೇಲಿಟ್ಟು ಇತಿಹಾಸ ನೋಡೋಕೆ ಬಂದಿದ್ದೀರಲ್ರೀ, ಬೀಗಿತ್ತೀ!"

ಕಟ್ಟೆಯ ಮೇಲೆ ನಿಂತಿದ್ದರು. ಒಂದು ಕೈಯಲ್ಲಿ ನನ್ನ ಕನ್ನಡಕದ ಪೆಟ್ಟಿಗೆ, ಇನ್ನೊಂದರಲ್ಲಿ ಬಿಸಿಲಿಗೆ ಕೊಡೆ. ಈ ಜನ್ಮದಲ್ಲಿ ಡಬ್ಬಿಯ ಹತ್ತಿರ ಸುಳಿಯುವುದಿಲ್ಲ ಎಂದಿದ್ದವರು ನನ್ನ ಕಣ್ಣಿಗಾಗಿ ಬೀದಿಯುದ್ದ ನಡೆದು ಬಂದಿದ್ದರು.

"ಮೇಲೆ ಬನ್ನಿ, ಚಹಾ ಇದೆ."

"ನಾನು ಬರಲ್ಲ ಅಂದಿದ್ದೀನಲ್ಲ. ನೀವೇ ಇಳಿದು ತಗೊಳ್ಳಿ."

"ನನ್ನ ಮಂಡಿ ಇವತ್ತಿನ ಲೆಕ್ಕ ಮುಗಿಸಿದೆ. ಒಂದೇ ಸಲ ಇಳಿಯೋದು."

ವೆಲ್ಡರನಿಗೆ ನಮ್ಮ ಕತೆ ಗೊತ್ತಿಲ್ಲ. ಅವನು ತನ್ನಷ್ಟಕ್ಕೆ ಏಣಿ ಇಳಿದು, ಕೊಡೆ ತಾನು ಹಿಡಿದುಕೊಂಡು, ಅವರ ಕೈಗೆ ತನ್ನ ಮೊಣಕೈ ಕೊಟ್ಟು, "ಬಲಗಾಲು ಮೊದಲು ಅಮ್ಮ, ಹಾಂ" ಎನ್ನುತ್ತ ಹತ್ತಿಸಿಬಿಟ್ಟ. ಅಷ್ಟು ಮರ್ಯಾದೆಯಿಂದ ಕರೆದವನಿಗೆ ಇಲ್ಲ ಎನ್ನಲು ಬೀಗಿತ್ತಿಗೆ ಬಾಯಿ ಬರಲಿಲ್ಲ. ಉರುಳೆಯ ಮೇಲಿನ ಹಲಗೆ, ಲೋಟ ಎಲ್ಲ ತೆಗೆದು, ಪಕ್ಕದಲ್ಲಿದ್ದ ಕಬ್ಬಿಣದ ಪೀಠದ ಮೇಲೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿ, ಅದು ಬಿಸಿಲಿಗೆ ಕಾದಿದೆಯೇ ಎಂದು ತನ್ನ ಅಂಗೈಯಿಟ್ಟು ನೋಡಿ, "ಕೂತ್ಕೊಳ್ಳಿ" ಎಂದ.

ನಾನು ಕನ್ನಡಕ ಏರಿಸಿ ಉರುಳೆಯ ಬದಿ ಓದಿದೆ: ಯುದ್ಧಕಾಲದ ಇಸವಿ, ಕೆಳಗೆ ಇಂಗ್ಲಿಷಿನಲ್ಲಿ ಲಂಗರು ಎಂಬ ಪದ. ಮರಳಿನ ಕಾಲದ್ದಲ್ಲ. ಡಬ್ಬಿಯಷ್ಟೇ ಹಳೆಯದು, ಡಬ್ಬಿಯ ಜೊತೆಗೇ ಹುಟ್ಟಿದ್ದು. ಲಂಗರಿನ ಉರುಳೆ.

"ಇದೇನ್ರೀ, ನೀರು ಸೇದೋ ರಾಟೆ ಇದ್ದ ಹಾಗಿದೆ," ಎಂದರು ಬೀಗಿತ್ತಿ. ಸಿಟ್ಟು ಮಾಡಿಕೊಂಡಿರಬೇಕೆಂದು ಅವರಿಗೆ ಮರೆತೇಹೋಗಿತ್ತು. ನನಗೆ ಅಷ್ಟೇ ಸಾಕಾಯಿತು, ಓದಿದ್ದನ್ನೆಲ್ಲ ಹೇಳತೊಡಗಿದೆ.

"ಇದು ದಡದಲ್ಲಿ ಮೂತಿಯೂರೋ ದೋಣಿ ಅಲ್ವಾ? ಊರಿದ ಮೇಲೆ ಬಿಡಿಸಿಕೊಳ್ಳೋದು ಹೇಗೆ? ಮರಳು ಹಿಡಿದುಕೊಂಡಿರುತ್ತೆ. ಅಲೆ ಹೊಡೆದು ಅಡ್ಡಡ್ಡ ತಿರುಗಿಸಿದ್ರೆ ಮುಗೀತು, ಅಲ್ಲೇ ಬಿದ್ದಿರಬೇಕು. ಅದಕ್ಕೆ ದಡಕ್ಕೆ ಹೋಗೋ ಮೊದಲೇ, ದೂರದಲ್ಲಿ, ಹಿಂದಿನಿಂದ ಒಂದು ಲಂಗರು ನೀರಿಗೆ ಬಿಡೋರು. ದೋಣಿ ಮುಂದೆ ಹೋದ ಹಾಗೆ ಇದರಿಂದ ಉಕ್ಕಿನ ಹಗ್ಗ ಬಿಚ್ಚಿಕೊಂಡು ಹೋಗುತ್ತೆ. ಎಲ್ಲ ಇಳಿಸಿ ಆದಮೇಲೆ ಅದೇ ಹಗ್ಗ ಸುತ್ತಿ ಸುತ್ತಿ, ದೋಣಿಯನ್ನ ಹಿಂದಕ್ಕೆ ಎಳ್ಕೊಂಡು ಬರೋದು."

"ಹಗ್ಗ ಸುಮ್ನೆ ಬಿಟ್ರೆ ಆಯ್ತಾ?"

"ಎಲ್ಲಿ? ಸಡಿಲ ಆದ್ರೆ ಕೆಳಗೆ ತಿರುಗ್ತಾ ಇರೋ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತೆ. ಬಿಗಿ ಆದ್ರೆ ಲಂಗರೇ ಕಿತ್ತು ಬರುತ್ತೆ. ಒಬ್ಬ ಇಲ್ಲೇ ಇದ್ದು..."

"ಕೈ ಇಟ್ಕೊಂಡು ನೋಡ್ತಾ ಇರಬೇಕು," ಎಂದರು ಬೀಗಿತ್ತಿ.

ಅವರು ಎದ್ದು ನಿಂತಿದ್ದರು.

"ನಮ್ಮ ಮನೇಲಿ ಬಟ್ಟೆ ಹಗ್ಗ ಕಟ್ಟೋದು ಅಪ್ಪನೇ," ಎಂದರು. "ಯಾರಿಗೂ ಬಿಡ್ತಿರಲಿಲ್ಲ. ನಾನು ಒಂದು ತುದಿ ಹಿಡಿದ್ರೆ, 'ಸಡಿಲ ಬಿಡಬೇಡ, ಕಾಲಿಗೆ ಸುತ್ಕೊಳ್ಳುತ್ತೆ. ಜಗ್ಗಲೂ ಬೇಡ, ಕಿತ್ಕೊಂಡು ಬರುತ್ತೆ. ಅಂಗೈ ಇಟ್ಟು ನೋಡು, ಹಗ್ಗವೇ ಹೇಳುತ್ತೆ' ಅನ್ನೋನು. ಬಟ್ಟೆ ಹಗ್ಗ ಯಾರ ಕಾಲಿಗೆ ಸುತ್ಕೊಳ್ಳುತ್ತೆ ಅಂತ ಅಮ್ಮ ರೇಗಿಸೋಳು."

ಉರುಳೆಯ ಕೆಳಗೆ ಒಂದು ಅಗಲವಾದ ಮೆಟ್ಟು ಇತ್ತು, ಹೊಲಿಗೆ ಯಂತ್ರಕ್ಕೆ ಇರುವ ಹಾಗೆ. ಉರುಳೆಯ ಓಟ ತಡೆಯುವ ಬ್ರೇಕು. ಅದರ ನಡುಭಾಗ ಸವೆದು ತಗ್ಗಾಗಿತ್ತು. ಬೀಗಿತ್ತಿ ಚಪ್ಪಲಿ ಬಿಟ್ಟು ಎಡಗಾಲನ್ನು ಅದರ ಮೇಲಿಟ್ಟರು. ಉರುಳೆಯಿಂದ ಹಗ್ಗ ಹೊರಗೆ ಹೋಗುವ ಕಡೆ ಅಂಗೈ ಚಾಚಿದರು. ಹಗ್ಗವಿರಲಿಲ್ಲ, ಗಾಳಿಯ ಮೇಲೆಯೇ ಕೈಯಿಟ್ಟು ನಿಂತರು. ಮುಂದೆ ಸಮುದ್ರ. ದೂರದಲ್ಲಿ ಒಂದು ಮೀನಿನ ದೋಣಿ.

"ಹೀಗೆ ನಿಂತ್ರೆ ದಡ ಎಲ್ಲಿರುತ್ತೆ?" ಎಂದು ಮೆಲ್ಲಗೆ ಕೇಳಿದರು.

"ನಿಮ್ಮ ಬೆನ್ನ ಹಿಂದೆ."

"ಬಾಗಿಲು ಬಿದ್ದದ್ದು?"

"ಬೆನ್ನ ಹಿಂದೆ."

"ಗುಂಡು?"

ವೆಲ್ಡರ್ ಏನೋ ಅರ್ಥವಾದವನಂತೆ, ಅಲ್ಲೇ ಗುರುಗುಡುತ್ತಿದ್ದ ತನ್ನ ಯಂತ್ರ ನಿಲ್ಲಿಸಿದ.

"ತಿರುಗಿ ನೋಡೋ ಹಾಗಿಲ್ಲ ಅಲ್ವಾ?" ಎಂದರು. "ಅಷ್ಟೂ ಹೊತ್ತು ಹಿಂದೆ ಏನೇನು ಕೇಳಿಸ್ತಿದ್ದಿರಬೇಕು. ಏನಾಗ್ತಿದೆ ಅಂತ ತಿರುಗಿ ನೋಡಿದ್ರೆ ಹಗ್ಗದ ಹದ ತಪ್ಪಿಹೋಗುತ್ತೆ."

"ಹಗ್ಗದ ಹದ ತಪ್ಪಿದ್ರೆ ಡಬ್ಬಿ ವಾಪಸ್ಸು ಬರ್ತಿರಲಿಲ್ಲ. ಬರುವಾಗ ಅದರಲ್ಲಿ ಗಾಯಾಳುಗಳನ್ನ ತುಂಬಿಕೊಂಡು ಬರೋರಂತೆ."

"ಎಲ್ಲರನ್ನೂ ಕರಕೊಂಡು ಹಿಂದಕ್ಕೆ ಬಂದೆ," ಎಂದರು ಬೀಗಿತ್ತಿ. ಅಪ್ಪನ ಮಾತನ್ನು ಅಪ್ಪ ಆಡಿದ ರೀತಿಯಲ್ಲೇ, ಬಿಡಿಬಿಡಿಯಾಗಿ, ಯಾರೋ ದೂರದಿಂದ ಕೂಗಿದ್ದನ್ನು ಈಗ ಸರಿಯಾಗಿ ಕೇಳಿಸಿಕೊಂಡವರ ಹಾಗೆ. ಆಮೇಲೆ ಥಟ್ಟನೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ಆದರೆ ಬಾಯಲ್ಲಿ ಬೈಗುಳ. "ನೋಡಿ ಆ ಮನುಷ್ಯನ್ನ! ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದಾನೆ ಕಣ್ರೀ! ಬೆನ್ನು ತೋರಿಸಿಕೊಂಡು ನಿಂತಿದ್ದೆ, ಅದೇ ನನ್ನ ಕೆಲಸ! ಇನ್ನೂ ಎರಡು ಮಾತು ಸೇರಿಸಿ ಹೇಳೋಕೆ ಇವನ ಗಂಟೇನು ಹೋಗ್ತಿತ್ತು?"

"ಕೇಳೋರು ನಗ್ತಾ ಇದ್ರಲ್ಲ," ಎಂದೆ.

"ಇವನೂ ನಗ್ತಾ ಇದ್ದ. ಅದೇ ತಪ್ಪು." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಅಥವಾ ನಮ್ಮಪ್ಪನೇ ಇಲ್ಲಿ ನಿಂತಿದ್ದು ಅಂತ ಏನು ಗ್ಯಾರಂಟಿ? ನಾನು ಸುಮ್ನೆ ಕತೆ ಕಟ್ಕೊಳ್ತಾ ಇದ್ದರೆ?"

ಆಗ ನನಗೆ ಪಟ ನೆನಪಾಯಿತು. ನನ್ನ ಮಂಡಿಯ ಲೆಕ್ಕವೆಲ್ಲ ಮರೆತುಹೋಯಿತು. "ಇಳಿಯಿರಿ," ಎಂದೆ. "ಒಂದು ತೋರಿಸೋದಿದೆ."

ಮ್ಯೂಸಿಯಮ್ಮಿನ ಒಳಗೆ ತಣ್ಣಗಿತ್ತು. ಮೇಡಂ ಏನೋ ಬರೆಯುತ್ತಿದ್ದವಳು ನಮ್ಮಿಬ್ಬರನ್ನು ನೋಡಿ, ಕೇಳದೆಯೇ ಎರಡು ಕುರ್ಚಿ ಎಳೆದಳು. ಬೀಗಿತ್ತಿ ಕೂರಲಿಲ್ಲ. ಗೋಡೆಯ ಪಟದ ಮುಂದೆ ನಿಂತರು. ಚುಕ್ಕಾಣಿಯವನನ್ನು ದಾಟಿದರು, ಸೌಟಿನವನನ್ನು ದಾಟಿದರು, ಮಸಿಮುಖದವನನ್ನು ದಾಟಿದರು. ಬಲತುದಿಗೆ ಬಂದು ನಿಂತರು. ಮೂಗು ಗಾಜಿಗೆ ತಗಲುವಷ್ಟು ಹತ್ತಿರ.

"ಎರಡು ಸುಳಿ," ಎಂದರು.

"ಏನು?"

"ತಲೆ ನೋಡಿ, ಹಿಂದುಗಡೆ. ಎರಡು ಸುಳಿ. ಎರಡು ಮದುವೆ ಆಗ್ತಾನೆ ಅಂತ ಅಮ್ಮನಿಗೆ ಸಾಯೋವರೆಗೂ ಅನುಮಾನ." ಗಾಜಿನ ಮೇಲೆ ಬೆರಳಿಟ್ಟರು. "ಈ ಕಿವಿ, ಗಾಡಿಯ ಬಾಗಿಲು ತೆಗೆದಿಟ್ಟ ಹಾಗೆ. ಈ ಬಲಭುಜ ತಗ್ಗು. ನಮ್ಮಪ್ಪನ ಬೆನ್ನು ನನಗೆ ಗೊತ್ತಿಲ್ವೇನ್ರೀ? ಉಪ್ಪುಮೂಟೆ ಅಂತ ಹತ್ತಿ ಕೂತ್ರೆ ನನ್ನ ಮುಖಕ್ಕೆ ಸರಿಯಾಗಿ ಈ ಸುಳಿಗಳೇ. ಬೆರಳಲ್ಲಿ ಸುತ್ತಿ ಸುತ್ತಿ ಆಡ್ತಿದ್ದೆ. ಮುಖ ತೋರಿಸಿದ್ರೆ ನಾನು ಗುರುತು ಹಿಡೀತಿದ್ದೆನೋ ಇಲ್ವೋ, ಆ ವಯಸ್ಸಿನ ಮುಖ ನಾನು ನೋಡಿಲ್ಲ. ಬೆನ್ನು ನೋಡಿದ್ದೀನಿ."

ಪಟದಲ್ಲಿದ್ದವರು ಯಾಕೆ ನಗುತ್ತಿದ್ದಾರೆಂದು ನನಗೆ ಅರ್ಥವಾದದ್ದು ಆಗ. ಒಬ್ಬೊಬ್ಬನೂ ತನ್ನ ತನ್ನ ಕೆಲಸದಂತೆ ನಿಂತಿದ್ದಾನೆ. ಅಡುಗೆಯವನಿಗೆ ಸೌಟು, ಎಂಜಿನ್ನಿನವನಿಗೆ ಮಸಿ, ಹಿಂಬದಿಯವನಿಗೆ ಬೆನ್ನು. ಅವರವರಲ್ಲೇ ಒಂದು ತಮಾಷೆ. ನಾನು, ಮೇಡಂ ಇಬ್ಬರೂ ಓದಿದವರು ಸೇರಿ, ಮುನಿಸು ಎಂದೂ ಅಕಸ್ಮಾತ್ ಎಂದೂ ವಾದ ಮಾಡಿದ್ದೆವು.

ಮೇಡಂ ಪಟದ ಕೆಳಗಿನ ಚೀಟಿಯನ್ನು ಉಗುರಿನಿಂದ ಕಿತ್ತಳು. "ಏನಂತ ಬರೀಲಿ ಅಜ್ಜಿ? ತಂದೆಯ ಹೆಸರು ಹೇಳಿ."

ಬೀಗಿತ್ತಿ ಹೆಸರು ಹೇಳಿದರು. ಎಷ್ಟೋ ವರ್ಷಗಳಿಂದ ಆ ಬಾಯಲ್ಲಿ ಬಾರದ ಹೆಸರು, ಮೊದಲ ಅಕ್ಷರದಲ್ಲಿ ಸ್ವಲ್ಪ ಎಡವಿತು. ಮೇಡಂ ಬರೆದುಕೊಂಡಳು.

"ಅದರ ಪಕ್ಕದಲ್ಲಿ ಇನ್ನೊಂದು ಹೆಸರೂ ಬರಿಯಮ್ಮ," ಎಂದರು. "ಬೆನ್ನಪ್ಪ ಅಂತ."

"ಬೇಡ ಅಂದಿದ್ರಿ?" ಎಂದೆ ನಾನು.

"ಅದು ನಿನ್ನೆ. ಮುದುಕರು ಬಂದು ಓಹೋ ಬೆನ್ನಪ್ಪ ಅಂದ್ರೆ, ನಮ್ಮ ಮೊಮ್ಮಕ್ಕಳು ಕೈ ಹಿಡ್ಕೊಂಡು ಆ ಉರುಳೆ ಹತ್ರ ಕರ್ಕೊಂಡು ಹೋಗಲಿ. ಅಲ್ಲಿ ನಿಂತು ನೋಡಿ, ತಿರುಗದೆ ಎಷ್ಟು ಹೊತ್ತು ಇರ್ತೀರಿ ಅನ್ನಲಿ." ಕುರ್ಚಿಯಲ್ಲಿ ಕೂತು ಕಾಲು ಚಾಚಿದರು. "ಏನಮ್ಮ ಹುಡುಗಿ, ನಿಮ್ಮಲ್ಲಿ ಕಾಫಿ ಸಿಗುತ್ತಾ? ಅಲ್ಲಿ ಬರೀ ಚಹಾ."

ನಾನು ಮನೆಗೆ ಬಂದು ಪುಸ್ತಕದ ಆ ಒಂದು ಸಾಲನ್ನು ಹೊಡೆದುಹಾಕಿ ಹೊಸ ಅಧ್ಯಾಯ ಶುರುಮಾಡಿದೆ. ಬೀಗಿತ್ತಿ ಎದುರಿಗೆ ಕೂತು, ಬಟ್ಟೆ ಹಗ್ಗ ಕಟ್ಟುವ ವಿಧಾನವನ್ನು ನಾನು ಎರಡು ಕಡೆ ತಪ್ಪಾಗಿ ಬರೆದಿದ್ದೇನೆಂದು ತಿದ್ದಿಸಿದರು.

ಉದ್ಘಾಟನೆಯ ಬೆಳಿಗ್ಗೆ ಬೀದಿಯ ಕಡೆ ಜನವೋ ಜನ. ಡಬ್ಬಿಯವರ ಮಕ್ಕಳಿಗೆಂದು ಬಾಗಿಲಿನ ಎದುರಿಗೇ ಮುಂದಿನ ಸಾಲಿನ ಕುರ್ಚಿಗಳು. ಟೈಲರ್ ಹೊಸ ಅಂಗಿ ಹಾಕಿಕೊಂಡು ಬಂದಿದ್ದ, ಕೈಯಲ್ಲಿ ಅಪ್ಪನ ಸೌಟು. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದರೇನೋ ಎಂದು ಎದ್ದು ಹುಡುಕಿದೆ. ವೆಲ್ಡರ್ ನನ್ನನ್ನು ನೋಡಿ ಗದ್ದದಿಂದ ಹಿಂದುಗಡೆಗೆ ಸನ್ನೆ ಮಾಡಿದ, ನಾನು ಕೇಳುವ ಮೊದಲೇ ಏಣಿ ಹತ್ತಲು ಕೈ ನೀಡಿದ.

ಹಿಂಬದಿ ಗುಡಿಸಿ ತೊಳೆದು ಬಣ್ಣ ಹೊಡೆದಿತ್ತು. ಉರುಳೆಗೆ ಎಲ್ಲಿಂದಲೋ ಒಂದಷ್ಟು ಉಕ್ಕಿನ ಹಗ್ಗ ತಂದು ಸುತ್ತಿದ್ದರು. ಮೆಟ್ಟಿನ ತಗ್ಗಿಗೆ ಮಾತ್ರ ಬಣ್ಣ ಹಚ್ಚಿರಲಿಲ್ಲ. ಅದು ವೆಲ್ಡರನ ವಿವೇಕ. ಬೀಗಿತ್ತಿ ಗೋಣಿಚೀಲದ ಮೇಲೆ ಕೂತು, ಎಡಗಾಲನ್ನು ಆ ತಗ್ಗಿನಲ್ಲಿಟ್ಟು, ಅಂಗೈಯನ್ನು ಹಗ್ಗದ ಮೇಲಿಟ್ಟುಕೊಂಡಿದ್ದರು.

"ಇಲ್ಲಿ ಕೂತಿದ್ದೀರಾ? ಅಲ್ಲಿ ಭಾಷಣ ಶುರುವಾಯ್ತು."

"ಕೇಳಿಸ್ತಿದೆ. ಬನ್ನಿ, ಜಾಗ ಇದೆ." ಸರಿದು ಕೂತರು.

ಕೂತೆ. ನೀರಿನ ಮೇಲೆ ಬಿಸಿಲು ಹರಡಿತ್ತು. ಹಿಂದೆ ಧ್ವನಿವರ್ಧಕದಲ್ಲಿ ಒಬ್ಬರು, ಇನ್ನೊಬ್ಬರು. ಆಮೇಲೆ ಸರಪಳಿಗಳು ಗಲಗಲ ಎಂದವು, ಡಬ್ಬಿಯ ತಗಡೆಲ್ಲ ಒಮ್ಮೆ ನಡುಗಿತು, ಢಣ್ ಎಂದು ಏನೋ ಬಿತ್ತು, ಜನ ಹೋ ಎಂದು ಚಪ್ಪಾಳೆ ತಟ್ಟಿದರು. ನನ್ನ ಕತ್ತು ತನ್ನಷ್ಟಕ್ಕೆ ತಿರುಗತೊಡಗಿತು.

ಬೀಗಿತ್ತಿ ನನ್ನ ಕೈಯನ್ನು ಎತ್ತಿ ಹಗ್ಗದ ಮೇಲೆ, ತಮ್ಮ ಕೈಯ ಪಕ್ಕದಲ್ಲಿಟ್ಟರು.

"ತಿರುಗಬೇಡಿ ಬೀಗಿತ್ತೀ," ಎಂದರು. "ಅದು ಅವರ ಕೆಲಸ. ನಮ್ಮದು ಈ ಕಡೆ."